ಎಲ್ಲ ಬೇಕಾದಷ್ಟು

ಸೊಂಡೂರು ಒಳಬೆಟ್ಟ, ಏಳನೇ ಅಂತಸ್ತು
ನಿಮ್ಮ ಲೆಕ್ಕದ ಇಸವಿ ೨೩೧೪, ಫಾಲ್ಗುಣ ಕಳೆದು ಹದಿಮೂರನೇ ತಿಂಗಳು, ಒಂಬತ್ತನೇ ದಿನ

ಹೊಸಪೇಟೆಯ ವಸುಂಧರಮ್ಮನವರಿಗೆ ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಕಸದ ಬುಟ್ಟಿಗೆ ಹಾಕಬೇಡಿ. ನಿಮಗೆ ವರ್ಷಕ್ಕೆ ಹನ್ನೆರಡೇ ತಿಂಗಳು, ನಮಗೆ ಹದಿಮೂರು. ಬಿಸಿಲು ತಡೆಯಲಾರದೆ ಬೆಟ್ಟದ ಬಾಯಿಗಳನ್ನೆಲ್ಲ ಮುಚ್ಚಿಕೊಂಡು ಒಳಗೇ ಕೂರುವ ದಿನಗಳನ್ನು ಉರಿಮಾಸ ಎಂದು ಬೇರೆಯಾಗಿ ಎಣಿಸುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ಸಂಬಂಧದಲ್ಲಿ ನೀವು ನನ್ನ ಅಜ್ಜಿಯ ಅಜ್ಜಿಯ ಅಜ್ಜಿಗೂ ಅಜ್ಜಿ. ಆದರೆ ಇದು ನಿಮ್ಮ ಕೈಗೆ ಸೇರುವಾಗ ನಿಮಗಿನ್ನೂ ಮೂವತ್ನಾಲ್ಕು, ನನಗೆ ನಲವತ್ತೊಂಬತ್ತು ತುಂಬಿದೆ. ಅಜ್ಜಿ ಎನ್ನಲು ಬಾಯಿ ಬರುತ್ತಿಲ್ಲ, ವಸುಂಧರಮ್ಮ ಎಂದೇ ಬರೆಯುತ್ತೇನೆ.

ಹಿಂದಿನ ಕಾಲಕ್ಕೆ ಹೋಗುವ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಜನ ಅದನ್ನು ಜೋಪಾನವಾಗಿ ಇಟ್ಟುಕೊಂಡು ದೊಡ್ಡ ದೊಡ್ಡ ವಿಷಯಕ್ಕೆ ಬಳಸುತ್ತಾರೆ. ಕಾಡು ಕಡಿಯಬೇಡಿ, ಕೆರೆ ಮುಚ್ಚಬೇಡಿ ಎಂದೆಲ್ಲ ಬರೆಯುತ್ತಾರೆ. ನಾನು ನನ್ನದನ್ನು ಒಂದು ಲೋಟ ಬಾಳೆಹಣ್ಣಿನ ಸ್ಮೂದಿಗಾಗಿ ಖರ್ಚು ಮಾಡುತ್ತಿದ್ದೇನೆ. ಟಪಾಲು ಕಟ್ಟೆಯವರು ಕೇಳಿ ನಕ್ಕರು. ನಗಲಿ ಬಿಡಿ, ಅವರ ಮನೆಯ ಬಾಣಂತನವಲ್ಲವಲ್ಲ.

ನಿಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಈಗ ಒಂದು ಹಾಳೆ ಅಂಟಿಸಿಕೊಂಡಿದ್ದೀರಿ, ಕ್ಯಾಲೆಂಡರಿನ ಹಿಂಬದಿಯಲ್ಲಿ ನೀಲಿ ಶಾಯಿಯಿಂದ ಬರೆದದ್ದು. ಅದು ಮುನ್ನೂರು ವರ್ಷ ದಾಟಿ ನನ್ನ ಅಡುಗೆಮನೆಗೆ ಬಂದಿದೆ. ಎರಡು ಗಾಜಿನ ನಡುವೆ ಇಟ್ಟು ಮಿಕ್ಸಿಯ ಮೇಲ್ಗಡೆ ತೂಗುಹಾಕಿದ್ದೇವೆ. ಮಿಕ್ಸಿಯನ್ನು ಈಗಲೂ ಮಿಕ್ಸಿ ಎಂದೇ ಕರೆಯುತ್ತೇವೆ, ಸದ್ದೂ ನೀವು ಬೈದುಕೊಳ್ಳುವಷ್ಟೇ ಇದೆ. ಹಾಳೆಯಲ್ಲಿ ನೀವು ಬರೆದದ್ದು ಇಷ್ಟು: ‘ತೂಕ ಇಳಿಸಲು. ಬಾಳೆಹಣ್ಣು, ಖರ್ಜೂರ, ಶೇಂಗಾ, ಹಾಲು, ಬೆಲ್ಲ, ಒಣಕೊಬ್ಬರಿ. ಎಲ್ಲ ಬೇಕಾದಷ್ಟು. ಮನೇಲೇ ಮಾಡಿದ್ದು, ಏನೂ ಆಗಲ್ಲ.’ ನಮ್ಮ ಮನೆತನದಲ್ಲಿ ಈ ಹಾಳೆಯ ಮಾತಿಗೆ ಎದುರಾಡಿದವರೇ ಇಲ್ಲ.

ನಾನಿರುವ ಜಾಗ ಎಂಥದೆಂದು ಹೇಳಬೇಕು. ಹಿಂದೆ ಅದಿರು ಅಗೆದು ಟೊಳ್ಳು ಮಾಡಿದ ಬೆಟ್ಟದ ಹೊಟ್ಟೆಯೊಳಗೆ ಹನ್ನೊಂದು ಅಂತಸ್ತು. ನಾನು ಹುಟ್ಟಿದ್ದು ಇಲ್ಲೇ. ದೀಪ ಹತ್ತಿದರೆ ಹಗಲು, ಆರಿಸಿದರೆ ರಾತ್ರಿ. ನಮ್ಮ ಓಣಿ ಈ ತುದಿಯಿಂದ ಆ ತುದಿಗೆ ಇನ್ನೂರ ಹನ್ನೆರಡು ಹೆಜ್ಜೆ. ಎಷ್ಟು ನಿಧಾನ ನಡೆದರೂ ಗೋಡೆ ಬಂದೇ ಬರುತ್ತದೆ. ಗೋಡೆ ಮುಟ್ಟಿ ತಿರುಗುತ್ತೇವೆ. ಕೆಳಗಿನ ಮೂರು ಅಂತಸ್ತಿನಲ್ಲಿ ದೀಪದ ಬೆಳಕಿಗೆ ಬಾಳೆ ಬೆಳೆಯುತ್ತಾರೆ. ನನ್ನ ಗಂಡ ಪಂಪಾಪತಿ ಅಲ್ಲಿಯೇ ಕೆಲಸ ಮಾಡುತ್ತಾನೆ, ಹಣ್ಣಿಗೆ ಕೊರತೆಯಿಲ್ಲ. ಆಕಾಶವೆಂಬುದು ನಮಗೆ ಜನರನ್ನು ಮೇಲಕ್ಕೆ ಎಳೆಯುವ ಬುಟ್ಟಿಯ ಕೊಳವೆಯ ತುದಿಯಲ್ಲಿ, ಒಂದು ರೂಪಾಯಿಯಗಲ ಕಾಣುತ್ತದೆ. ಮಧ್ಯಾಹ್ನ ಅದರ ಕೆಳಗೆ ನಿಲ್ಲಲು ಪಾಳಿ ಹಚ್ಚಬೇಕು.

ಆ ಬುಟ್ಟಿ ವರ್ಷಕ್ಕೊಮ್ಮೆ, ಫಾಲ್ಗುಣದ ಕೊನೆಯ ದಿನ, ಮೇಲಿನ ಊರಿಗೆ ಹೋಗುತ್ತದೆ. ಹಗ್ಗ ಹಳೆಯದು. ಐವತ್ತೈದು ಕಿಲೋ ಮೀರಿದವರನ್ನು ಹತ್ತಿಸುವುದಿಲ್ಲ, ಐವತ್ತು ವರ್ಷ ದಾಟಿದವರನ್ನೂ ಹತ್ತಿಸುವುದಿಲ್ಲ. ನನ್ನ ಮಗಳು ಸುಂಕಮ್ಮ ಆರು ವರ್ಷದ ಹಿಂದೆ ಅದರಲ್ಲಿ ಹೋದಳು. ಮಾರ್ಗಶಿರದಲ್ಲಿ ಕೊಳವೆಯಿಂದ ಅವಳ ಚೀಟಿ ಬಿತ್ತು: ಮೂರು ತಿಂಗಳು ತುಂಬಿದೆ, ಇಲ್ಲಿ ನನಗೆ ಬಾಣಂತನದ ನೀರು ಹಾಕುವವರಿಲ್ಲ, ಅವ್ವ ಬರಬೇಕು. ಆ ದಿನ ನನ್ನ ತೂಕ ಐವತ್ತೇಳೂವರೆ. ಈ ಫಾಲ್ಗುಣದ ಬುಟ್ಟಿ ತಪ್ಪಿದರೆ, ಮುಂದಿನ ವರ್ಷದ ಬುಟ್ಟಿಯ ಹೊತ್ತಿಗೆ ನನಗೆ ಐವತ್ತು ದಾಟಿರುತ್ತದೆ. ಎರಡೂವರೆ ಕಿಲೋ ಇಳಿಸಬೇಕಿತ್ತು, ಅಷ್ಟೇ.

ನಮ್ಮ ಊಟದ ಲೆಕ್ಕ ಇಡುವುದು ದವಡೆಮಣಿ. ಹಾಲುಹಲ್ಲು ಬಿದ್ದ ಮೇಲೆ ದವಡೆಯಲ್ಲಿ ಕೂರಿಸುವ ಜೋಳದ ಕಾಳಿನಷ್ಟು ಯಂತ್ರ. ಹಲ್ಲಿನ ನಡುವೆ ನುರಿದದ್ದನ್ನೆಲ್ಲ ಅದು ಕ್ಯಾಲೊರಿಗೆ ಇಳಿಸಿ ಎಣಿಸುತ್ತದೆ. ಮಿತಿ ಮುಟ್ಟಿದರೆ ಮೂರು ಸಲ ಟಕಟಕ ಬಡಿಯುತ್ತದೆ. ನಾನು ಒಂಬೈನೂರಕ್ಕೆ ಇಟ್ಟುಕೊಂಡೆ. ಎರಡು ಹೊತ್ತು ಅರ್ಧರ್ಧ ರೊಟ್ಟಿ, ಸೊಪ್ಪು, ತಿಳಿಸಾರು. ಎಷ್ಟೋ ದಿನ ಮಣಿ ಬಡಿಯುವ ಮೊದಲೇ ತಟ್ಟೆಯಿಂದ ಏಳುತ್ತಿದ್ದೆ. ಬೆಳಗಿನ ಹೊತ್ತು ಮಾತ್ರ ನಿಮ್ಮ ಸ್ಮೂದಿ, ಒಂದು ದೊಡ್ಡ ಲೋಟ. ಅದನ್ನು ಯಾರೂ ಎಣಿಸುವುದಿಲ್ಲ. ಕುಡಿದದ್ದು ಹಲ್ಲಿಗೆ ಸಿಗುವುದಿಲ್ಲವಾದ್ದರಿಂದ ಮಣಿಗೆ ಗೊತ್ತಾಗುವುದಿಲ್ಲ. ನನಗೂ ಗೊತ್ತಾಗಲಿಲ್ಲ. ಉಪವಾಸದ ದಿನ ಹಾಲು ಹಣ್ಣು ತೆಗೆದುಕೊಂಡು, ಇವತ್ತು ನಾನು ಏನೂ ತಿಂದಿಲ್ಲ ಎಂದು ನೀವು ಹೇಳುವುದಿಲ್ಲವೇ? ನಿಮ್ಮಿಂದಲೇ ಬಂದ ಬುದ್ಧಿ ಇದು.

ಪಂಪಾಪತಿ ಬೆಳಗ್ಗೆ ನನಗಿಂತ ಮೊದಲೇ ಎದ್ದು ಅರೆದಿಡುತ್ತಿದ್ದ. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಒಲೆಯ ಕಡೆ ತಲೆ ಹಾಕದವನು ಮೂರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಎಪ್ಪತ್ತೊಂದು ಕಿಲೋದ ಆಳು, ಈ ಜನ್ಮದಲ್ಲಿ ಬುಟ್ಟಿ ಹತ್ತುವುದಿಲ್ಲ. ಹೆಂಡತಿಯಾದರೂ ಹೋಗಲಿ ಎಂದು ಇಷ್ಟು ಮಾಡುತ್ತಿದ್ದಾನಲ್ಲ ಎಂದು ನನ್ನ ಕಣ್ಣು ತುಂಬಿ ಬರುತ್ತಿತ್ತು. ಓಣಿಯ ಹೆಂಗಸರ ಮುಂದೆಲ್ಲ ಹೇಳಿಕೊಂಡು ತಿರುಗಿದೆ.

ಫಾಲ್ಗುಣದ ಕೊನೆಯ ದಿನ ಕೂಸಿಗೆ ಹೊಲಿದ ಕುಲಾವಿ, ಎರಡು ಸೀರೆ ಗಂಟು ಕಟ್ಟಿಕೊಂಡು ತಕ್ಕಡಿ ಹತ್ತಿದೆ. ಐವತ್ತೆಂಟು ಕಿಲೋ ನಾನೂರು ಗ್ರಾಂ. ತೂಗುವವಳು ಗಂಟು ಕೆಳಗಿಡಲು ಹೇಳಿದಳು. ಗಂಟು ಆಗಲೇ ಕೆಳಗಿತ್ತು. ಕಾಲಿನ ಚಪ್ಪಲಿ, ಕೈಯ ಬಳೆ ಎಲ್ಲ ತೆಗೆದೆ. ಮುಳ್ಳು ಅಲ್ಲಾಡಲಿಲ್ಲ. ಮೂರು ತಿಂಗಳು ಹೊಟ್ಟೆ ಕಟ್ಟಿ ಒಂಬೈನೂರು ಗ್ರಾಂ ಏರಿದ್ದೆ. ಕುಲಾವಿಯನ್ನು ಯಾರದೋ ಕೈಯಲ್ಲಿ ಕೊಟ್ಟು ಕಳಿಸಿದೆ. ಬುಟ್ಟಿ ಆ ರೂಪಾಯಿಯಗಲದ ಬೆಳಕನ್ನು ಮುಚ್ಚಿತು, ಮತ್ತೆ ತೆರೆಯಿತು. ಆಮೇಲೆ ಉರಿಮಾಸಕ್ಕೆಂದು ಕೊಳವೆಯ ಬಾಯಿಯನ್ನೂ ಮುಚ್ಚಿದರು.

ನಾಲ್ಕನೇ ದಿನ ಮಿಕ್ಸಿಯ ಬ್ಲೇಡು ಮುರಿಯಿತು. ಬುಟ್ಟಿ ಹೋದರೂ ಲೋಟ ನಿಂತಿರಲಿಲ್ಲ, ರೂಢಿಯಾಗಿಬಿಟ್ಟಿತ್ತು. ಅರೆಯುವುದು ಬೇಡ, ಹಾಕುವುದನ್ನೆಲ್ಲ ತಟ್ಟೆಯಲ್ಲಿಡು, ಅಗಿದೇ ತಿನ್ನುತ್ತೇನೆ ಎಂದೆ. ಪಂಪಾಪತಿಯ ಮುಖ ಹುಳ್ಳಗಾಯಿತು. ರಿಪೇರಿ ಮಾಡಿಸಿಕೊಂಡು ಬರುತ್ತೇನೆ, ಒಂದು ಗಳಿಗೆ ತಡಿ ಎಂದ. ನಾನು ತಟ್ಟೆ ಮುಂದೆ ಮಾಡಿದೆ. ಒಂದು ಬಾಳೆಹಣ್ಣು ಇಟ್ಟ. ಕೈ ಒರೆಸಿಕೊಂಡ. ಇನ್ನೊಂದು ಇಟ್ಟ, ಮತ್ತೊಂದು ಇಟ್ಟ. ಹತ್ತು ಖರ್ಜೂರ, ಹಿಡಿ ತುಂಬ ಶೇಂಗಾ, ನಿಂಬೆಹಣ್ಣಿನಷ್ಟು ಬೆಲ್ಲ, ಅಂಗೈಯಗಲ ಕೊಬ್ಬರಿ. ಪಕ್ಕದಲ್ಲಿ ಮೇಕೆ ಹಾಲು. ತಲೆ ತಗ್ಗಿಸಿ ನಿಂತ.

ನಾನು ಅಗಿಯತೊಡಗಿದೆ. ಎರಡು ಹಣ್ಣಿಗೆ ಹೊಟ್ಟೆ ತುಂಬಿತು, ಆದರೂ ಬಿಡಲಿಲ್ಲ. ದವಡೆ ನೋಯಿತು. ಬೆಲ್ಲ ಕಚ್ಚುತ್ತಿದ್ದಂತೆ ಮಣಿ ಟಕಟಕ ಬಡಿಯಿತು. ಇಡೀ ದಿನದ ಒಂಬೈನೂರು, ಬೆಳಗ್ಗೆಯೇ ಮುಗಿದಿತ್ತು. ಕೊಬ್ಬರಿ, ಹಾಲು ಇನ್ನೂ ಹಾಗೆಯೇ ಇದ್ದವು. ದಿನವೂ ಇಷ್ಟನ್ನು ನಾನು ಗಟಗಟ ಕುಡಿದು, ಆಮೇಲೆ ಅರ್ಧ ರೊಟ್ಟಿಗೆ ಲೆಕ್ಕ ಹಾಕುತ್ತಿದ್ದೆ. ಗೊತ್ತಿತ್ತಾ ಎಂದು ಕೇಳಿದೆ. ತೋಟದಲ್ಲಿ ಹಣ್ಣು ತೂಗಿ ಕ್ಯಾಲೊರಿಯ ಚೀಟಿ ಹಚ್ಚುವುದೇ ಆತನ ಕೆಲಸ, ಗೊತ್ತಿರದೆ ಏನು. ಗಾಜಿನೊಳಗಿನ ಹಾಳೆಯ ಕಡೆ ಬೆರಳು ಮಾಡಿದ.

“ಬೇಕಾದಷ್ಟು ಅಂತ ಬರದಾರ ನೋಡು. ನಾ ಅದಕಿಂತ ಹೆಚ್ಚು ಹಾಕಿಲ್ಲ,” ಎಂದ. ಆಮೇಲೆ ಹೇಳಿದ: “ನೀ ಮ್ಯಾಲೆ ಹೋದ್ರ ನಾ ಯಾರ ಜೋಡಿ ಉಣ್ಣಲಿ?”

ಸಿಟ್ಟಿನಲ್ಲಿ ತಟ್ಟೆ ತಳ್ಳಿದೆ. ಎದ್ದು ಹೊರಟೆ. ಇನ್ನೂರ ಹನ್ನೆರಡು ಹೆಜ್ಜೆಗೆ ಗೋಡೆ ಬಂತು, ತಿರುಗಿ ಬಂದೆ. ಮತ್ತೆಲ್ಲಿಗೆ ಹೋಗಲಿ? ಇಡೀ ಬೆಟ್ಟದಲ್ಲಿ ನನಗಿರುವವನು ಆತನೊಬ್ಬನೇ. ಈಗಲೂ ಎದುರುಬದುರು ಕೂತೇ ಉಣ್ಣುತ್ತೇವೆ. ಆತ ನನ್ನ ತಟ್ಟೆಗೆ ಬಡಿಸುವಾಗ ಪ್ರತಿಯೊಂದನ್ನೂ ಎಣಿಸಿ ಇಡುತ್ತಾನೆ.

ವಸುಂಧರಮ್ಮ, ಸ್ಮೂದಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಮಾಡಿದ್ದು ಒಳ್ಳೆಯದೇ, ಆದರೆ ಅದೂ ಊಟ. ಅದನ್ನು ಕುಡಿದ ಹೊತ್ತು ತಿಂಡಿ ಬಿಡಬೇಕು, ಎರಡೂ ನಡೆಯುವುದಿಲ್ಲ. ಲೋಟಕ್ಕೆ ಒಂದೇ ಬಾಳೆಹಣ್ಣು, ಖರ್ಜೂರ ಎರಡು, ಶೇಂಗಾ ಒಂದು ಚಮಚ, ಬೆಲ್ಲ ಬೇಡವೇ ಬೇಡ. ಜಾರಿಗೆ ಸುರಿಯುವ ಮೊದಲು ಎಲ್ಲವನ್ನೂ ಒಮ್ಮೆ ತಟ್ಟೆಯಲ್ಲಿಟ್ಟು ನೋಡಿ. ಅಷ್ಟನ್ನು ಕೂತು ಅಗಿದು ತಿನ್ನುತ್ತೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ನಿಮ್ಮಿಂದ ನನಗೆ ಬೇಕಾದದ್ದು ಇಷ್ಟೇ. ಆ ನೀಲಿ ಪೆನ್ನು ತೆಗೆದುಕೊಂಡು ‘ಎಲ್ಲ ಬೇಕಾದಷ್ಟು’ ಎಂಬ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಅಳತೆ ಬರೆಯಿರಿ. ಹಾಳೆಯಲ್ಲಿ ಅಳತೆ ಇದ್ದಿದ್ದರೆ ಪಂಪಾಪತಿ ಮೀರುತ್ತಿರಲಿಲ್ಲ. ಆತ ಸುಳ್ಳು ಹೇಳುವ ಮನುಷ್ಯನಲ್ಲ.

ಸುಂಕಮ್ಮನಿಗೆ ಈಗ ಆರು ತುಂಬಿ ಏಳನೆಯದು ನಡೆಯುತ್ತಿದೆ. ಯಾರಾದರೂ ನೀರು ಹಾಕಿಯಾರು.

ನನಗೂ ಬುದ್ಧಿಯಿದೆ ವಸುಂಧರಮ್ಮ. ನೀವು ಗೆರೆ ಎಳೆಯುವವರಾಗಿದ್ದರೆ, ಆ ಗೆರೆ ಮುನ್ನೂರು ವರ್ಷದಿಂದ ಹಾಳೆಯ ಮೇಲೆ ಇದ್ದೇ ಇರಬೇಕಿತ್ತು. ದೀಪ ತಂದು, ಗಾಜು ಒರೆಸಿ, ಇವತ್ತು ಬೆಳಗ್ಗೆಯೂ ನೋಡಿದೆ. ಎಲ್ಲ ಬೇಕಾದಷ್ಟು ಎಂದೇ ಇದೆ. ಆದರೂ ಕಾಗದ ಮಡಚಿ ಟಪಾಲು ಕಟ್ಟೆಗೆ ಹೊರಟಿದ್ದೇನೆ, ವಾಪಸು ಬಂದ ಮೇಲೆ ಇನ್ನೊಮ್ಮೆ ನೋಡುತ್ತೇನೆ.

ಇಂತಿ ನಿಮ್ಮವಳು,
ಹುಲಿಗೆಮ್ಮ