ಕಾಯಿಲಿನ ನೆತ್ತಿಗೆ ಅಭಿಷೇಕ

ಉಜ್ಜಿನಿ
೭-೧೦-೧೯೯೯

ಕೊಟ್ರಬಸಮ್ಮಾ,

ಹೆಂಡತಿಗೆ ಕಾಗದ ಬರೆಯುವುದು ಹೇಗೆಂದು ನನಗೆ ಗೊತ್ತಿಲ್ಲ. ಮದುವೆಯಾದಾಗಿನಿಂದ ನೀನು ಕೂಗಳತೆಯಲ್ಲೇ ಇದ್ದೆ. ಈಗ ಮೊಮ್ಮಗಳನ್ನು ನೋಡಿಕೊಳ್ಳಲೆಂದು ಹರಪನಹಳ್ಳಿ ಸೇರಿದ್ದೀಯ. ಎಷ್ಟು ಜೋರಾಗಿ ಕೂಗಿದರೂ ಅಲ್ಲಿಗೆ ಕೇಳಿಸುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ಜಗಲಿಯಲ್ಲಿ ನಮ್ಮ ನೆರೆಮನೆಯ ಬೆನಕಪ್ಪ ಹೋದ ವರ್ಷದ ಆ ಶನಿವಾರದ ಕಥೆಯನ್ನು ಮತ್ತೆ ಹೇಳಿದ. ಕಥೆ ಹೇಳುವುದು ನನಗೂ ಬರುತ್ತದೆ, ಅಜ್ಜಿಯ ಕೌದಿಯೊಳಗೆ ಮಲಗಿ ಕಲಿತ ವಿದ್ಯೆ. ಕಥೆಗೆ ಉಪ್ಪು ಹಾಕಬೇಕು, ಒಪ್ಪುತ್ತೇನೆ. ಬೆನಕಪ್ಪ ಉಪ್ಪಿಗೇ ಒಂದಿಷ್ಟು ಕಥೆ ಹಾಕುತ್ತಾನೆ. ಜನ ನಕ್ಕರು. ಅವನು ಜನ ನಕ್ಕ ಜಾಗದಲ್ಲೇ ಕಥೆ ನಿಲ್ಲಿಸಿಬಿಡುತ್ತಾನೆ. ಮುಂದಿನದ್ದು ಅವನಿಗೆ ಕಂಡಿಲ್ಲ. ನನಗೆ ಕಂಡಿದೆ. ನಿನಗೂ ಕಂಡಿರಲಾರದು, ಯಾಕೆಂದರೆ ನೀನು ಆಗ ನೆಲ ನೋಡುತ್ತಿದ್ದೆ.

ಹೋದ ವರ್ಷ ದಸರೆಯ ಖಂಡೆಪೂಜೆ, ಬನ್ನಿ, ಗಾಂಧಿ ಜಯಂತಿ ಸಾಲಾಗಿ ಬಂದು ಅಂಚೆ ಕಚೇರಿಗೆ ಬೀಗ ಬಿದ್ದಿತ್ತು. ಶನಿವಾರ ಮಧ್ಯಾಹ್ನ ಅಂಚೆಯವನು ನಮ್ಮ ಮಗಳು ಸುಮಲತಾಳ ಮಾಸ್ತರಿಕೆಯ ಆರ್ಡರು ತಂದುಕೊಟ್ಟ. ಅವಳು ಒಡೆದು ಓದಿದಳು, ನಕ್ಕಳು, ಇನ್ನೊಮ್ಮೆ ಓದಿ ಕಟ್ಟೆಯ ಮೇಲೆ ಕುಸಿದಳು. ಹಾಜರಾಗಲು ಕೊನೆಯ ದಿನ ಅದೇ ಶನಿವಾರ. ಕಚೇರಿ ಮುಚ್ಚುವುದರೊಳಗೆ ಹರಪನಹಳ್ಳಿಯಲ್ಲಿ ಸಹಿ ಬೀಳದಿದ್ದರೆ ಆ ಜಾಗ ಬೇರೆಯವರಿಗೆ. ಕೊಟ್ಟೂರಿನ ಬಸ್ಸು ಆಗಲೇ ಹೋಗಿತ್ತು. ಮುಂದಿನದು ಬರುವಷ್ಟರಲ್ಲಿ ಹೊತ್ತು ವಾಲಿರುತ್ತಿತ್ತು.

ನನಗೆ ಚಿಂತೆಯಾಗಲಿಲ್ಲ. ಅಂಗಳದಲ್ಲಿ ನಮ್ಮ ಅಂಬಾಸಿಡರ್ ಖಂಡೆಪೂಜೆಯ ಹೂವಿನ ಹಾರ ಹಾಕಿಕೊಂಡು ಮದುಮಗನ ಹಾಗೆ ನಿಂತಿತ್ತು. ಮೂರು ದಿನದಿಂದ ಅದನ್ನು ಯಾರೂ ಚಾಲೂ ಮಾಡಿರಲಿಲ್ಲ. ನೀನು ಸೀರೆ ಬದಲಿಸಿ, ಮೊಮ್ಮಗಳನ್ನು ಎತ್ತಿಕೊಂಡು ಹಿಂದೆ ಕುಳಿತೆ. ಸುಮಲತಾ ಸರ್ಟಿಫಿಕೇಟುಗಳನ್ನು ಎದೆಗವಚಿಕೊಂಡಿದ್ದಳು. ಕೀಲಿ ತಿರುಗಿಸಿದೆ. ಇಂಜಿನ್ನು ತಿರುಗಿತು, ಆದರೆ ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದೆ. ಬ್ಯಾಟರಿಯ ದನಿ ಸೊರಗುತ್ತ ಬಂತೇ ಹೊರತು ಬೆಂಕಿ ಹುಟ್ಟಲಿಲ್ಲ. ಇಳಿದು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಿದೆ. ಬೆವರು ಬಂತು, ಹೊಗೆ ಬರಲಿಲ್ಲ.

ಪಂಪ್‌ಸೆಟ್ ರಿಪೇರಿಯ ಹುಲುಗೇಶನನ್ನು ಕರೆತಂದೆ. ಅವನು ಒಳ್ಳೆಯ ಕೆಲಸಗಾರ, ಆತುರ ಬೀಳುವವನಲ್ಲ. ಹಾರ್ನ್ ಒತ್ತಿ ನೋಡಿದ, ಕೂಗಿತು. ಪೆಟ್ರೋಲು ಬರುತ್ತಿತ್ತು. ಒಂದು ಪ್ಲಗ್ ಬಿಚ್ಚಿ ಇಂಜಿನ್ನಿನ ಮೈಗೆ ತಾಗಿಸಿಟ್ಟು ತಿರುವಲು ಹೇಳಿದ. ಅದರ ಬಾಯಲ್ಲಿ ಕಿಡಿ ಇಲ್ಲ. ಅಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ ಹೋದ. ಕಿಡಿಗೆ ಬೇಕಾದಷ್ಟು ಕರೆಂಟು ಏರಿಸಿಕೊಡುವ ಕಾಯಿಲ್ ಎಂಬ ಡಬ್ಬಿಯಿಂದ ಬರುವ ದಪ್ಪ ವೈರನ್ನು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕಡೆಯ ತುದಿಯಲ್ಲಿ ಬಿಡಿಸಿ ಕಬ್ಬಿಣದ ಹತ್ತಿರ ಹಿಡಿದ. ಅಲ್ಲೂ ಕಿಡಿ ಇಲ್ಲ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟನ್ನು ಸ್ಕ್ರೂಡ್ರೈವರಿನಿಂದ ಮೀಟಿದಾಗ ಸಣ್ಣಗೆ ಚಿಟಿಕೆ ಹೊಡೆದ ಹಾಗೆ ಕಿಡಿ ಕಂಡಿತು. ಅಂದರೆ ಕಾಯಿಲಿನ ತನಕ ಕರೆಂಟು ಬರುತ್ತಿದೆ, ಅಲ್ಲಿಂದ ಆಚೆ ಹೋಗುತ್ತಿಲ್ಲ. ಪಾಯಿಂಟು ಉಜ್ಜಿದ, ಕಂಡೆನ್ಸರ್ ಬದಲಿಸಿದ. ಇಂಜಿನ್ನಿನ ತುಂಬ ಪೂಜೆಯ ಕುಂಕುಮ, ವಿಭೂತಿ ಇತ್ತಲ್ಲ, ಕಾಯಿಲಿನ ಮೈಮೇಲಿದ್ದದ್ದನ್ನೂ ಬಟ್ಟೆಯಿಂದ ಒರೆಸಿದ. ಆದರೂ ಇಲ್ಲ.

ಅಷ್ಟರಲ್ಲಿ ಅಂಗಳದ ತುಂಬ ಜನ. ಕೆಟ್ಟ ಕಾರಿನ ಸುತ್ತ ನಮ್ಮೂರಲ್ಲಿ ಎಷ್ಟು ಪಂಡಿತರು ಹುಟ್ಟುತ್ತಾರೆಂದು ನಿನಗೆ ಗೊತ್ತು. ಒಬ್ಬ ತಳ್ಳಿ ಅಂದ, ಇನ್ನೊಬ್ಬ ತಳ್ಳಬೇಡಿ ಅಂದ. ತಳ್ಳಿದ್ದೂ ಆಯಿತು, ಗುಡಿಯ ತನಕ ಹೋಗಿ ಬಂದದ್ದೂ ಆಯಿತು. ಸುಮಲತಾ ಗಡಿಯಾರ ನೋಡುವುದನ್ನು ಬಿಟ್ಟು ನನ್ನ ಮುಖ ನೋಡತೊಡಗಿದಳು. ಅದನ್ನು ತಾಳುವುದು ಇನ್ನೂ ಕಷ್ಟವಾಗಿತ್ತು.

ಬೆನಕಪ್ಪ ಎಲೆ ಅಡಿಕೆ ಮೆಲ್ಲುತ್ತ, "ಮೂರು ದಿನ ಪೂಜಿ ಮಾಡಿಸ್ಕೊಂಡೈತಿ, ಹೊಟ್ಟಿ ತುಂಬಿ ಮಲಗೈತಿ, ಎಬ್ಬಿಸಬ್ಯಾಡ್ರಿ" ಅಂದ. ಅವನ ಹೆಂಡತಿ ಸುಂಕಮ್ಮ ಸೆರಗಿನ ಮರೆಯಲ್ಲಿ ಹೇಳಿದ್ದು ನನಗೂ ಕೇಳಿಸಿತು, ನಿನಗೂ ಕೇಳಿಸಿತು. "ಪೂಜಿ ಮಾಡಿದ್ದು ಯಾರ ಕೈ? ಆ ಹುಡುಗಿಗೆ ಗಂಡನ್ನ ಹುಡುಕಿದ ಕೈನೂ ಅದೇ ಅಲ್ಲೇನು?"

ಆ ಮಾತು ಅವತ್ತಿನದಲ್ಲ. ಸುಮಲತಾ ಗಂಡನ ಮನೆ ಬಿಟ್ಟು ಕೂಸನ್ನು ಕಟ್ಟಿಕೊಂಡು ತವರಿಗೆ ಬಂದ ದಿನದಿಂದ, ನಿನ್ನ ಕೈಗುಣ ಸರಿಯಿಲ್ಲವೆಂದು ಊರು ಬೆನ್ನ ಹಿಂದೆ ಆಡುತ್ತಿತ್ತು. ಆ ಸಂಬಂಧ ನೋಡಿದವಳು ನೀನು, ಒಪ್ಪಿಸಿದವಳು ನೀನು. ಅಂದಿನಿಂದ ನೀನು ಯಾರ ಮನೆಯ ಆರತಿ ತಟ್ಟೆಗೂ ಮೊದಲು ಕೈಹಾಕಿದವಳಲ್ಲ. ನಮ್ಮ ಕಾರಿಗೆ ಮಾತ್ರ ಮನಸಾರೆ ಪೂಜೆ ಮಾಡಿದ್ದೆ. ಮಗಳ ನೌಕರಿಗೆಂದು ಹರಕೆ ಹೊತ್ತಿದ್ದೆಯೆಂದು ನನಗೆ ಆಮೇಲೆ ತಿಳಿಯಿತು.

ಕೊನೆಗೆ ಹುಲುಗೇಶ ಕೈ ಒರೆಸಿಕೊಂಡು, "ಕಾಯಿಲ್ ಸತ್ತೈತಿ ಮಾವ. ನನ್ನ ಲೂನಾ ತಗೊಂಡು ಕೊಟ್ಟೂರಿಗೆ ಹೋಗಿ ನೋಡ್ತೀನಿ. ಅಂಗಡಿ ತೆರೆದಿದ್ರ ನಮ್ಮ ಪುಣ್ಯ" ಅಂದ. ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆಂದು ಅವನಿಗೂ ಗೊತ್ತಿತ್ತು. ನಾನು ಹೂಂ ಅಂದೆ. ಅವನು ಲೂನಾದ ಪೆಡಲು ತುಳಿಯತೊಡಗಿದ.

ಆಗ ನೀನು ಮೊಮ್ಮಗಳನ್ನು ಸುಮಲತಾಳ ತೊಡೆಗೆ ಹಾಕಿ ಕೆಳಗಿಳಿದೆ. ಅಷ್ಟು ಜನರ ನಡುವೆ, ಸುಂಕಮ್ಮನ ಪಕ್ಕದಲ್ಲೇ ನಿಂತು, ಮೆಲ್ಲಗೆ ಆದರೆ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ.

"ತಡೀ ಹುಲುಗೇಶ. ಅದರ ನೆತ್ತಿ ಮ್ಯಾಲೆ ನಾನು ಕಾಯಿ ನೀರು ಬಿಟ್ಟೀನಿ. ಕರ್ರಗ, ದುಂಡಗ, ಲಿಂಗ ಇದ್ದಂಗ ಕಾಣ್ತು. ಟೊಪ್ಪಿಗಿ ಎತ್ತಿ ಅಭಿಷೇಕ ಮಾಡಿ, ಈಬತ್ತಿ ಹಚ್ಚಿ, ಮತ್ತ ಮುಚ್ಚೀನಿ."

ಅಂಗಳವೇ ನಕ್ಕಿತು. ಬೆನಕಪ್ಪನ ಕಥೆ ಮುಗಿಯುವುದು ಇಲ್ಲಿ.

ನೀನು ನೆಲ ನೋಡುತ್ತಿದ್ದಾಗ ಹುಲುಗೇಶ ನಗಲಿಲ್ಲ. ಲೂನಾವನ್ನು ಗೋಡೆಗೆ ಒರಗಿಸಿ ಓಡಿಬಂದ. ಕಾಯಿಲಿನ ತಲೆಯ ಮೇಲಿನ ರಬ್ಬರ್ ಟೊಪ್ಪಿಗೆಯನ್ನು ಮೇಲಕ್ಕೆ ಜಾರಿಸಿ ವೈರು ಕಿತ್ತ. ಒಳಗಿನ ಕುಳಿಯಲ್ಲಿ ವಿಭೂತಿ ನೆನೆದು ಬೆಣ್ಣೆಯಂತೆ ಕುಳಿತಿತ್ತು. ವೈರಿನಲ್ಲಿ ಹೋಗಬೇಕಾದ ಕರೆಂಟು ಆ ಒದ್ದೆಯನ್ನು ಹಿಡಿದು ಅಲ್ಲೇ ಸೋರಿಹೋಗುತ್ತಿತ್ತು. ಅವನು ಕಡ್ಡಿಗೆ ಬಟ್ಟೆ ಸುತ್ತಿ ಕೆರೆದ, ಪೆಟ್ರೋಲಿನಲ್ಲಿ ಅದ್ದಿ ಒರೆಸಿದ, ಬಾಯಿಂದ ಊದಿ ಊದಿ ಒಣಗಿಸಿದ. ವೈರಿನ ತುದಿಯನ್ನು ಮತ್ತೆ ಕಬ್ಬಿಣದ ಹತ್ತಿರ ಹಿಡಿದಾಗ ನನಗೆ ಹ್ಯಾಂಡಲ್ ತಿರುವಲು ಕೈ ಬರಲಿಲ್ಲ. ಅಷ್ಟು ಭಯ. ಕಣ್ಣು ಮುಚ್ಚಿ ತಿರುವಿದೆ. ಚಟ್ ಎಂಬ ಸದ್ದು ಕೇಳಿ ಕಣ್ಣು ಬಿಟ್ಟೆ. ಹಗಲಿನಲ್ಲೂ ಕಾಣುವಂಥ ನೀಲಿ ಕಿಡಿ.

ದಾರಿಯುದ್ದಕ್ಕೂ ನೀನು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದೆ, ಕಾರಿನ ಸೀಟನ್ನೂ ಮುಟ್ಟದೆ. ಕೊಟ್ಟೂರು ದಾಟುವಾಗ ಮೊಮ್ಮಗಳು ನೀರು ಕೇಳಿದರೂ ನಿಲ್ಲಿಸಲಿಲ್ಲ. ಇಂಜಿನ್ನು ಒಮ್ಮೆ ಕೆಮ್ಮಿದರೆ ನಮ್ಮ ನಾಲ್ವರ ಉಸಿರೂ ನಿಲ್ಲುತ್ತಿತ್ತು. ಹರಪನಹಳ್ಳಿ ಕಚೇರಿಯ ಜವಾನ ಕಿಟಕಿ ಮುಚ್ಚುತ್ತಿದ್ದಾಗ ಸುಮಲತಾ ಒಳಗೆ ಓಡಿದಳು. ನಾನು ಕಾರು ಆರಿಸಲಿಲ್ಲ. ನೀನು ದೂರದ ಬೇವಿನ ಗಿಡದ ಕೆಳಗೆ ಹೋಗಿ, ಕಾರಿಗೆ ಬೆನ್ನು ಮಾಡಿ ನಿಂತೆ. ನಿನ್ನ ದೃಷ್ಟಿಯೂ ಅದಕ್ಕೆ ಬೀಳಬಾರದೆಂದು.

ಮಗಳು ಹೊರಬಂದು ಸಹಿಯಾಯಿತು ಎಂದಾಗ ನೀನು ಅವಳನ್ನು ಅಪ್ಪಲಿಲ್ಲ. ನನ್ನ ಕಡೆ ತಿರುಗಿ, "ಇನ್ನ ಆರಸ್ರಿ" ಅಂದೆ. ಅಷ್ಟೇ.

ಮೊನ್ನೆ ಸುಮಲತಾ ಸಿಕ್ಕಾಗ ಹೇಳಿದಳು. ಅವ್ವ ಮಿಕ್ಸರ್ ಮುಟ್ಟುವುದಿಲ್ಲ, ದೀಪದ ಸ್ವಿಚ್ಚನ್ನೂ ಮೊಮ್ಮಗಳ ಕೈಯಲ್ಲಿ ಹಾಕಿಸುತ್ತಾಳೆ ಎಂದು. ಈ ಸಲ ಕಾರಿನ ಪೂಜೆಯನ್ನು ಬೇರೆ ಯಾರಿಂದಲಾದರೂ ಮಾಡಿಸಿ ಎಂದು ನೀನು ಹೇಳಿ ಕಳಿಸಿದ್ದೂ ಮುಟ್ಟಿತು. ಅಂದಿನಿಂದ ನನಗೆ ನಿದ್ದೆ ಸರಿಯಿಲ್ಲ. ಕಾರು ಕೆಟ್ಟರೆ ಎಲ್ಲಿಂದ ಹುಡುಕಬೇಕೆಂದು ಹುಲುಗೇಶನಿಗೆ ಗೊತ್ತು. ನಿನ್ನೊಳಗೆ ಆರಿಹೋಗುತ್ತಿರುವುದನ್ನು ಎಲ್ಲಿಂದ ಹುಡುಕಬೇಕೆಂದು ನನಗೆ ತಿಳಿಯದು.

ಇಷ್ಟು ಮಾತ್ರ ಬಲ್ಲೆ. ಅವತ್ತು ನೀನು ಸುಮ್ಮನಿದ್ದಿದ್ದರೆ ನಿನ್ನ ಮೇಲೆ ಹೊಸ ಮಾತೇನೂ ಬರುತ್ತಿರಲಿಲ್ಲ. ಕಾಯಿಲ್ ಸತ್ತಿತ್ತು ಎಂದು ಊರು ಒಪ್ಪಿತ್ತು, ನಾನೂ ಒಪ್ಪಿದ್ದೆ. ನಿನ್ನ ಮರ್ಯಾದೆ ಉಳಿಯುತ್ತಿತ್ತು, ಮಗಳ ಅನ್ನ ಹೋಗುತ್ತಿತ್ತು. ಆಡಿಕೊಳ್ಳುವ ಬಾಯಿಗಳ ನಡುವೆ ಇಳಿದು ಬಂದು, ಇದು ನನ್ನ ಕೈ ಎಂದು ನೀನೇ ಹೇಳಿದೆ. ಅಷ್ಟು ಧೈರ್ಯದ ಮಾತನ್ನು ನಾನು ನನ್ನ ಯಾವ ಕಥೆಯ ರಾಣಿಯ ಬಾಯಲ್ಲೂ ಕೇಳಿಲ್ಲ. ಇದನ್ನು ಆ ಬೇವಿನ ಗಿಡದ ಕೆಳಗೇ ಹೇಳಬೇಕಿತ್ತು. ನಾಲಿಗೆ ಬರಲಿಲ್ಲ.

ಖಂಡೆಪೂಜೆಯ ಹಿಂದಿನ ದಿನ ಬಾ. ಹೂವು, ಕಾಯಿ ತಂದಿಡುತ್ತೇನೆ. ಕಾಯಿಲಿನ ಟೊಪ್ಪಿಗೆ ಎತ್ತಬೇಡ, ಉಳಿದ ಕಡೆಯೆಲ್ಲ ನಿನ್ನಿಷ್ಟ. ಪೂಜೆಯಾದ ಮೇಲೆ ಕೀಲಿಯನ್ನು ನಿನ್ನ ಕೈಗೇ ಕೊಡುತ್ತೇನೆ, ಊರೆಲ್ಲ ನೋಡುತ್ತಿರುವಾಗ ನೀನೇ ತಿರುಗಿಸಬೇಕು. ಹೊತ್ತಿಕೊಂಡರೆ ಒಳ್ಳೆಯದು. ಹೊತ್ತಿಕೊಳ್ಳದಿದ್ದರೆ ಇಬ್ಬರೂ ಸೇರಿ ತಳ್ಳೋಣ.

ನಮ್ಮೂರ ದೇವರು ಮರುಳಸಿದ್ಧನು ನಿನ್ನ ಕೈಯನ್ನು ತಂಪಾಗಿ ಇಟ್ಟಿರಲಿ. ಆ ಕೈಗೆ ನನ್ನ ಶರಣು.

ದಾರಿ ಕಾಯುತ್ತಿರುವ,
ನಾಗೇಂದ್ರಪ್ಪ