ಸೂತಕದ ಬಾಗಿಲಿನ ರಂಗೋಲಿ

ಅರಕಲಗೂಡು
೧೨-೪-೧೯೫೭

ಹಳೇಕೋಟೆಯ ಅತ್ತೆ ಚಿಕ್ಕಲಕ್ಷ್ಮಮ್ಮನವರಿಗೆ,

ನಿಮ್ಮ ಸೊಸೆ ಅನಸೂಯ ಬರೆಯುವುದು. ನಮಸ್ಕಾರ ಅಂತ ಬರೆಯಲು ಕೈ ಏಳಲಿಲ್ಲ, ಬಿಟ್ಟಿದ್ದೇನೆ. ಮೂರನೇ ಕ್ಲಾಸಿಗೇ ಬಿಡಿಸಿದ ಓದು ನನ್ನದು. ತಪ್ಪಿದ್ದರೆ ಓದಿ ಹೇಳುವವರು ತಿದ್ದಿಕೊಳ್ಳಲಿ. ಒಂದು ಸಾಲನ್ನೂ ನುಂಗದೆ ಓದಲಿ.

ನಿಮ್ಮ ಮಗಳ ಮದುವೆಗೆ, ಮದುಮಕ್ಕಳು ಕೂರುವ ಕಡೆಯ ಗೋಡೆಗೆ ಹಸೆ ಚಿತ್ತಾರ ಬರೆಯಬೇಕೆಂದು ನಿಮ್ಮ ಆಳು ಕೆಂಚಯ್ಯನ ಕೈಲಿ ಹೇಳಿಕಳಿಸಿದ್ದೀರಿ. "ಬರ್ದ್‌ಬುಟ್ಟು ದಾರೆಗೆ ಮುಂಚೇನೆ ಎದ್ದೋಗ್ಲಿ. ತಲೆ ಕೆಟ್ಟೋಳು ಬೀಗ್ರು ಕಣ್ಗೆ ಬೀಳ್ಬಾರ್ದು." ಅಂದರೆ ನನ್ನ ಕೈ ಬೇಕು, ಮುಖ ಬೇಡ.

ನನ್ನ ಎಳೆ ಕೂಸು ಸತ್ತ ಮೂರನೇ ದಿನ ಬಾಗಿಲಿಗೆ ರಂಗೋಲಿ ಬಿಟ್ಟೆ. ಸೂತಕದಲ್ಲಿ ಬಿಡಬಾರದೆಂದು ನನಗೂ ಗೊತ್ತಿತ್ತು. ತಲೆಯೊಳಗೆ ಕೂಸಿನ ಅಳು ನಿಲ್ಲುತ್ತಿರಲಿಲ್ಲ; ಚುಕ್ಕಿ ಇಡುವಷ್ಟು ಹೊತ್ತು ಮಾತ್ರ ನಿಲ್ಲುತ್ತಿತ್ತು. ಯಾಕೆ ಅಂತ ನೀವು ಕೇಳಲಿಲ್ಲ. "ಸತ್ತ್ ಮನೇಲಿ ಅಬ್ಬ ಮಾಡ್ತಾವ್ಳಲ್ಲಪ್ಪೋ! ಇವ್ಳಿಗೆ ಗಾಳಿ ಮೆಟ್ಕೊಂಡದೆ ಕಣ್ಲಾ ನಂಜಪ್ಪ" ಎಂದು ನನ್ನ ಗಂಡನಿಗೆ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಿರಿ. ನಿಮ್ಮ ಮಗ ಮಂತ್ರದವನನ್ನು ಕರೆತಂದು ಬೇವಿನ ಬರಲಲ್ಲಿ ಹೊಡೆಸಿದರು. ನನ್ನನ್ನು ಹುಲ್ಲಿನ ಕೋಣೆಯಲ್ಲಿ ಕೂಡಿಹಾಕಿದಿರಿ. ಅಲ್ಲಿ ಇದ್ದಿಲು ಸಿಕ್ಕಿತು, ಗೋಡೆಗೆ ತೊಟ್ಟಿಲು ಬರೆದೆ. ಬರೆದ ದಿನ ನಿದ್ದೆ ಬರುತ್ತಿತ್ತು. ಬೆಳಗಾದರೆ ನೀವು ಅದರ ಮೇಲೆ ಸಗಣಿ ಬಳಿಯುತ್ತಿದ್ದಿರಿ. ಕಡೆಗೆ ಎರಡು ವರ್ಷದ ನನ್ನ ಗಂಗೆಯನ್ನು ಇಟ್ಟುಕೊಂಡು ನನ್ನೊಬ್ಬಳನ್ನೇ ಬಸ್ಸು ಹತ್ತಿಸಿದಿರಿ.

ಇಲ್ಲಿ ನನ್ನವ್ವ ಹೊನ್ನಕ್ಕ ಗೋಡೆ ಕೊಟ್ಟಳು. "ಬರಿಯವ್ವ. ತುಂಬೋದ್ರೆ ಸುಣ್ಣ ಒಡ್ದ್‌ಕೊಡ್ತೀನಿ, ಇನ್ನೇನು!" ಎಂಟು ತಿಂಗಳು ಕೆಮ್ಮಣ್ಣು ಕಲಸಿದೆ. ಮೊದಲು ಬರೀ ತೊಟ್ಟಿಲು, ತೊಟ್ಟಿಲು. ಆಮೇಲೆ ಕೋಳಿ, ರಾಗಿತೆನೆ, ಒಂದು ದಿನ ನಗುವ ಹೆಂಗಸು. ಈಗ ಸುತ್ತಿನ ಮೂರೂರಿನವರು ಹಸೆಗೆ ಕರೆಯುತ್ತಾರೆ. ಆ ಸುದ್ದಿ ಕಿವಿಗೆ ಬಿದ್ದ ಮೇಲೆ ತಾನೆ ನಿಮಗೆ ಸೊಸೆ ನೆನಪಾದದ್ದು?

ಭಯ ನನಗಿನ್ನೂ ಹೋಗಿಲ್ಲ. ಗಂಗೆಯ ಕೆಮ್ಮು ವಾಸಿಯಾಯಿತೋ, ಅವಳನ್ನು ಬಾವಿ ಹತ್ತಿರ ಬಿಡುತ್ತೀರೋ, ಅವ್ವ ಹುಚ್ಚಿ ಅಂತ ಹೇಳಿಕೊಟ್ಟಿದ್ದೀರೋ ಎಂದು ಕೂತಲ್ಲಿ ನಿಂತಲ್ಲಿ ಎದೆ ಹೊಡೆದುಕೊಳ್ಳುತ್ತದೆ. ಆದ್ದರಿಂದ ಕೇಳಿ. ಗುರುವಾರದೊಳಗೆ ಗಂಗೆಯನ್ನು ಕೆಂಚಯ್ಯನ ಜೊತೆ ಕಳಿಸಿ. ಇನ್ನು ಅವಳು ನನ್ನ ಹತ್ತಿರವೇ ಇರುತ್ತಾಳೆ. ಅವಳು ಬಂದ ಮಾರನೇ ದಿನ ನಾನು ಬಂದು ಹಸೆ ಬರೆಯುತ್ತೇನೆ. ಧಾರೆ ಮುಗಿಯುವವರೆಗೂ ಬೀಗರ ಎದುರಿಗೇ ಕೂತಿರುತ್ತೇನೆ. ಕಳಿಸದಿದ್ದರೆ ನಿಮ್ಮ ಗೋಡೆ ಬರಿದಾಗಿಯೇ ಇರಲಿ. ಯಾಕೆಂದು ಕೇಳಿದವರಿಗೆ ನೀವೇ ಉತ್ತರ ಹೇಳಿಕೊಳ್ಳಿ.

ಮದುವಣಗಿತ್ತಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳು ಬಾಳಲಿ. ಅವಳಿಗೆ ನಿಮ್ಮಂಥ ಅತ್ತೆ ಸಿಗದಿರಲಿ.

ಇಂತಿ,
ಗಂಗೆಯ ತಾಯಿ ಅನಸೂಯ