ಅಪ್ಪ ಮುಚ್ಚಿದ ಗುಡ್ಡ

ಕಮಿಸವಾ, ಇವಾತೆ
ಮೇ 19, 2019

ಪ್ರೀತಿಯ ಫುಕಿ ಅಕ್ಕನಿಗೆ,

ನಿನ್ನ ತಮ್ಮ ತೆತ್ಸುಜಿಯ ವಂದನೆಗಳು. ಅಮ್ಮನ ಫೋಟೋದ ಮುಂದೆ ಹಚ್ಚಲು ನೀನು ಕಳಿಸಿದ ಊದುಬತ್ತಿಯೂ ಜೊತೆಗಿದ್ದ ಒಣಮೀನೂ ಫೆಬ್ರುವರಿಯಲ್ಲೇ ಕೈಸೇರಿದವು. ಉತ್ತರ ಬರೆಯಲು ಮೇ ತಿಂಗಳಾಯಿತು. ಮೂರು ಸಲ ಕೂತೆ. ಮೂರು ಸಲವೂ ಈ ವರ್ಷ ಹಿಮ ಎಷ್ಟು ಬಿತ್ತು ಎಂದು ಬರೆದು, ಅಲ್ಲಿಗೇ ನಿಲ್ಲಿಸಿ, ಹರಿದು ಒಲೆಗೆ ಹಾಕಿದೆ. ಕ್ಷಮಿಸು. ನಿನ್ನ ಮಂಡಿನೋವು ಹೇಗಿದೆ? ಕುಶಿರೋದ ಮಂಜಿನಲ್ಲಿ ಅದು ಇನ್ನೂ ಹೆಚ್ಚಾಗುತ್ತದೆ ಎಂದಿದ್ದೆ.

ಹಿಮಕ್ಕೆ ರೈಲು ನಿಂತಿದ್ದರಿಂದ ಅಮ್ಮನ ಮಣ್ಣಿಗೆ ಬರಲಾಗಲಿಲ್ಲ ಎಂದು ನೀನು ಬರೆದಿದ್ದೆ. ಆ ವಾರ ರೈಲು ನಿಂತಿರಲಿಲ್ಲ. ನನಗೆ ಗೊತ್ತು. ನಾನೇನೂ ತಪ್ಪು ತಿಳಿದಿಲ್ಲ. ನನ್ನ ಹೆಂಡತಿ ನೊಬುವನ್ನು ನೀನು ಫೋಟೋದಲ್ಲಿ ಮಾತ್ರ ನೋಡಿರುವುದು, ಅವಳೇ ಅಂದಳು: "ಬರದೇ ಇದ್ದದ್ದೇ ಒಳ್ಳೇದಾಯ್ತು ಬಿಡಿ. ಬಂದಿದ್ರೆ ಈ ಊರಿನ ಮುದುಕಿಯರು ಅಕ್ಕನ ಬೆನ್ನಿಗೆ ಕಣ್ಣು ನೆಟ್ಕೊಂಡೇ ಕೂತಿರ್ತಿದ್ರು."

ಇನ್ನು ಇಲ್ಲಿಯ ಸುದ್ದಿ. ಕೂತು ಓದು.

ನಮ್ಮ ಗುಡ್ಡದ ಮರ ಕಡಿದೆವು. ಅಪ್ಪ ನೆಟ್ಟ ದೇವದಾರು. ಕಡಿದವನು ನಾನೇ. ಮರಕಡಿಯುವ ತಂಡಕ್ಕೆ ಮೇಸ್ತ್ರಿ ನಾನು, ಬೇರೆ ಯಾರು ಕಡಿಯಬೇಕು? ಇದು ಹಲಗೆಗಾಗಿ ಅಲ್ಲ ಅಕ್ಕ, ಹದ್ದಿಗಾಗಿ. ನಗಬೇಡ. ಬಂಡೆಯ ಗೂಡಿನಲ್ಲಿ ಹದಿನಾರು ವರ್ಷದಿಂದ ಒಂದು ಮರಿಯೂ ಉಳಿದಿರಲಿಲ್ಲವಂತೆ. ಗುಡ್ಡವೆಲ್ಲ ಕಾಡು ಮುಚ್ಚಿಕೊಂಡರೆ ಆ ಎರಡು ಮೀಟರಿನ ರೆಕ್ಕೆ ಬಿಚ್ಚಿ ಎಲ್ಲಿ ಇಳಿಯಬೇಕು? ಮರದ ಕೆಳಗೆ ಮೊಲವಿದ್ದರೂ ಅದರ ಪಾಲಿಗೆ ಇಲ್ಲದ ಹಾಗೆಯೇ.

ಇದನ್ನೆಲ್ಲ ನನಗೆ ಹೇಳಿದವಳು ಚಿನಾತ್ಸು. ಹದ್ದುಗಳನ್ನು ಎಣಿಸಲು ಏಳು ವರ್ಷದಿಂದ ಬರುತ್ತಿರುವ ಹುಡುಗಿ. ಹುಡುಗಿ ಅನ್ನುತ್ತೇನೆ, ಮೂವತ್ತು ದಾಟಿದೆ. ದೂರದರ್ಶಕದ ಹಿಂದೆ ದಿನವಿಡೀ ಕೂತು ಕೂತು ಒಂದು ಕೆನ್ನೆ ಮಾತ್ರ ಬಿಸಿಲಿಗೆ ಕಪ್ಪಾಗಿದೆ. "ಅವು ಸುಮ್ನೆ ಕೂತಿಲ್ಲ ಮೇಸ್ತ್ರಿ," ಅಂದಳು ಒಮ್ಮೆ. "ಮೊಲ ಸಿಗಲ್ಲ ಅಂತ ಹಾವು ಹಿಡಿಯೋದು ಜಾಸ್ತಿ ಮಾಡಿವೆ. ಲಾರಿ ರಸ್ತೆ ಗುಂಟ ಹಾರಿ ಹುಡುಕ್ತವೆ. ಹೊಟ್ಟೆಪಾಡಿಗೆ ಹದ್ದೂ ಬುದ್ಧಿ ಬದಲಾಯಿಸ್ಕೊಳ್ಳುತ್ತೆ. ಆದ್ರೆ ಜನವರೀಲಿ ಹಾವು ಎಲ್ಲಿಂದ ತರ್ತವೆ ಹೇಳಿ? ಮೊಟ್ಟೆ ಇಡೋ ಹೊತ್ತಿಗೆ ತಾಯಿ ಹೊಟ್ಟೆ ಖಾಲಿ."

ಆ ಗುಡ್ಡ ಹೇಗೆ ಮುಚ್ಚಿತು ಎಂಬುದು ಅವಳಿಗೆ ಗೊತ್ತಿಲ್ಲ. ನಿನಗೆ ಗೊತ್ತು.

ಆ ದಿನದ ಮಾತನ್ನು ನಾವಿಬ್ಬರೂ ಐವತ್ತಮೂರು ವರ್ಷದಲ್ಲಿ ಒಮ್ಮೆಯೂ ಆಡಿಲ್ಲ. ನಿನಗೆ ಹನ್ನೆರಡು, ನನಗೆ ಎಂಟು, ನಮ್ಮ ಸುಮಿಗೆ ಹದಿನಾಲ್ಕು ತಿಂಗಳು. ಗುಡ್ಡವೆಲ್ಲ ಕುದುರೆ ಮೇಯುವ ಹುಲ್ಲುಗಾವಲು. ಮಗುವನ್ನು ನೋಡಿಕೊಳ್ಳಲು ಅಮ್ಮ ಹೇಳಿದ್ದು ನಿನಗೆ. ನೀನು ಸೊಪ್ಪು ಕೊಯ್ಯಲು ಆಚೆ ಮಗ್ಗುಲಿಗೆ ಹೋಗಿ ಬರುವಷ್ಟರಲ್ಲಿ ಮಗು ಇರಲಿಲ್ಲ. ಹದ್ದು ಒಯ್ದಿತು ಎಂದು ಊರೇ ಹೇಳಿತು. ಗಂಡಸರೆಲ್ಲ ಬಂಡೆಯ ಬುಡದಲ್ಲಿ ಆರು ದಿನ ಹುಡುಕಿದರು. ಏಳನೆಯ ದಿನ ಹಗ್ಗ ಇಳಿಬಿಟ್ಟು ಗೂಡಿಗೆ ಬೆಂಕಿ ಹಾಕಿದರು. ಅಮ್ಮ ನಿನಗೆ ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ಒಂದು ಬುಟ್ಟಿ ಸೊಪ್ಪಿಗೆ ನನ್ನ ಕೂಸನ್ನ ಹದ್ದಿಗೆ ಕೊಟ್ಟು ಬಂದೆಯಲ್ಲೇ!" ಹದಿನೈದು ತುಂಬುತ್ತಲೇ ನಿನ್ನನ್ನು ಕುಶಿರೋದ ಮೀನು ಕಾರ್ಖಾನೆಗೆ ಕಳಿಸಿದರು. ಬಸ್ಸಿನ ಹತ್ತಿರ ಅಮ್ಮ ಬರಲಿಲ್ಲ.

ಸುಮಿ ಹೋದ ಮರುವರ್ಷದ ವಸಂತದಲ್ಲಿ ಅಪ್ಪ ಕುದುರೆಗಳನ್ನು ಮಾರಿದ. "ಸರ್ಕಾರ ಸಸಿ ಕೊಡ್ತದೆ, ನಾನು ಬೆನ್ನು ಕೊಡ್ತೀನಿ," ಅಂದ. "ಈ ಗುಡ್ಡದ ಮೇಲೆ ಒಂದು ಮೊಲ ಓಡಾಡಿದ್ದೂ ಅದಕ್ಕೆ ಕಾಣಬಾರದು. ಉಪವಾಸ ಸಾಯಲಿ." ನಾಲ್ಕು ವರ್ಷ ನೆಟ್ಟ. ನಾನು ಸಸಿಯ ಕಟ್ಟು ಹೊರುತ್ತಿದ್ದೆ. ಒಂದು ದಿನವೂ ಆಗುವುದಿಲ್ಲ ಅನ್ನಲಿಲ್ಲ. ಊರವರು ನನ್ನನ್ನು ಒಳ್ಳೆಯ ಮಗ ಎಂದರು.

ಅಮ್ಮನೋ, ಹದ್ದಿನ ನೆರಳು ಅಂಗಳದ ಮೇಲೆ ಹಾದರೆ ಸಾಕು, ಪಾತ್ರೆಯ ಮುಚ್ಚಳ ಹಿಡಿದು ಹೊರಗೋಡಿ ಬಂದು ಬಡಿಯುತ್ತಿದ್ದಳು. ಎಂಬತ್ತೆಂಟರ ವಯಸ್ಸಿನಲ್ಲೂ ಬಡಿದಳು.

ಹೋದ ವರ್ಷದ ಹಿಂದಿನ ಶರತ್ಕಾಲದಲ್ಲಿ ಕಡಿಯಲು ಶುರು ಮಾಡಿದೆವು. ಒಳಗೆ ಹಗಲಲ್ಲೂ ಮಬ್ಬು, ನೆಲದ ಮೇಲೆ ಒಂದು ಹುಲ್ಲಿಲ್ಲ, ಒಂದು ಹಕ್ಕಿಯ ಸದ್ದಿಲ್ಲ. ಗರಗಸದ ಯಂತ್ರ ನಿಲ್ಲಿಸಿದೊಡನೆ ನನಗೆ ಮಗು ಅಳುವುದು ಕೇಳಿಸಿತು. ಗರಗಸ ಕೆಳಗಿಟ್ಟು ಸದ್ದು ಬಂದ ಕಡೆ ಹುಡುಕಿದೆ. ಜೊತೆಯಲ್ಲಿದ್ದ ಗೊರೋಕು ನಕ್ಕ. "ಮರಕ್ಕೆ ಮರ ಉಜ್ಜೋ ಸದ್ದು ಮೇಸ್ತ್ರಿ. ನಲವತ್ತು ವರ್ಷ ಕಾಡಲ್ಲಿ ಇದ್ದು ಅಷ್ಟೂ ಗೊತ್ತಾಗಲ್ವಾ?" ಗೊತ್ತಾಗುತ್ತದೆ. ಆದರೂ ಆ ಸದ್ದು ಹತ್ತೊಂಬತ್ತು ದಿನ ಕೇಳಿಸಿತು. ಯಂತ್ರ ನಿಲ್ಲಿಸಲು ಹೆದರಿ ಊಟದ ಹೊತ್ತಿನಲ್ಲೂ ಅದನ್ನು ಓಡಿಸಿಯೇ ಇಟ್ಟಿರುತ್ತಿದ್ದೆ. ಹುಡುಗರು ಎಣ್ಣೆ ಹಾಳು ಎಂದು ಗೊಣಗಿದರು.

ಈ ಏಪ್ರಿಲ್ ಹನ್ನೊಂದರಂದು ಬೆಳಗ್ಗೆ ಚಿನಾತ್ಸು ನನ್ನ ತೋಳು ಹಿಡಿದು ಎಳೆದಳು. ಕಡಿದ ಜಾಗದಲ್ಲಿ ಹುಲ್ಲು ಚಿಗುರಿತ್ತು, ಮೊಲ ಬಂದಿತ್ತು. ಗಂಡು ಹದ್ದು ಬಂಡೆಯಿಂದ ಜಾರಿಕೊಂಡು ಬಂತು. ರೆಕ್ಕೆ ಬಡಿಯಲಿಲ್ಲ. ಕತ್ತಿನ ಹಿಂದೆ ಆ ಬಂಗಾರದ ಗರಿ ಬಿಸಿಲಿಗೆ ಒಮ್ಮೆ ಹೊಳೆಯಿತು, ಅಷ್ಟೇ, ಮೊಲ ಕಾಲಿನಲ್ಲಿತ್ತು. ಐವತ್ತು ವರ್ಷದ ಮೇಲೆ ನಮ್ಮ ಗುಡ್ಡದಲ್ಲಿ ಹದ್ದು ಇಳಿಯಿತು, ಅಕ್ಕ. ಚಿನಾತ್ಸು ಗಳಗಳನೆ ಅತ್ತಳು. "ನೀವು ಖುಷಿಪಡಿ ಮೇಸ್ತ್ರಿ, ಯಾಕೆ ಹಂಗೆ ನಿಂತಿದ್ದೀರಿ?" ಎಂದಳು.

ಗೂಡಿನಲ್ಲಿ ಈಗ ಮರಿ ಇದೆ. ಎರಡು ಮೊಟ್ಟೆ ಒಡೆದಿದ್ದವು. ದೊಡ್ಡದು ಚಿಕ್ಕದನ್ನು ಕುಕ್ಕಿ ಕುಕ್ಕಿ ಕೊಂದಿತು. ಅವುಗಳಲ್ಲಿ ಹಾಗೇ ಅಂತೆ, ಅದರಲ್ಲಿ ದ್ವೇಷವೇನೂ ಇಲ್ಲವಂತೆ. ನೋಡಿ ಅಂತ ಚಿನಾತ್ಸು ದೂರದರ್ಶಕ ನನ್ನ ಕಡೆ ತಿರುಗಿಸಿದಳು. ಗರಗಸದ ಹಲ್ಲು ಮಸೆಯುವುದಿದೆ ಎಂದು ಎದ್ದುಬಂದೆ.

ಅಮ್ಮ ಇದನ್ನೆಲ್ಲ ನೋಡಲಿಲ್ಲ. ಆದರೆ ಹೋದ ನವೆಂಬರಿನಲ್ಲಿ ಚಿನಾತ್ಸು ಮನೆಗೆ ಚಹಾಕ್ಕೆ ಬಂದಿದ್ದಳು. ಅಮ್ಮ ಬೆಂಕಿಯ ಹತ್ತಿರ ಕೂತು ಉಪ್ಪಿನಕಾಯಿಗೆ ಮೂಲಂಗಿ ಹೆಚ್ಚುತ್ತಿದ್ದಳು. ಮಾತಿಗೆ ಮಾತು ಬಂದು ಆ ಹುಡುಗಿ ಅಂದುಬಿಟ್ಟಳು: "ಹದ್ದು ಮಗೂನ ಎತ್ಕೊಂಡು ಹೋಗೋದು ಬರೀ ಕಥೆ ಅಜ್ಜಿ. ಅದರ ಮೈಭಾರವೇ ನಾಲ್ಕೈದು ಕಿಲೋ. ಕೊಬ್ಬಿದ ಮೊಲ ಎತ್ತೋಕೇ ಒದ್ದಾಡುತ್ತೆ. ವರ್ಷ ತುಂಬಿದ ಕೂಸನ್ನ ಎಲ್ಲಿ ಎತ್ತುತ್ತೆ?" ಅಮ್ಮನ ಚಾಕು ನಿಂತಿತು. ನೊಬು ಗಡಿಬಿಡಿಯಿಂದ ಇನ್ನೊಂದು ಲೋಟ ಚಹಾ ಬಗ್ಗಿಸಿದಳು. ಮರುದಿನ ಅಂಗಳದ ಮೇಲೆ ನೆರಳು ಹಾಯಿತು. ಅಮ್ಮ ಏಳಲಿಲ್ಲ. ಜನವರಿಯಲ್ಲಿ ಹೋಗುವ ತನಕ ಮತ್ತೆ ಮುಚ್ಚಳ ಬಡಿಯಲಿಲ್ಲ.

ಇಷ್ಟೇ ಸುದ್ದಿ. ಸಮುದ್ರದ ಗಾಳಿಗೆ ಮೈ ಒಡ್ಡಬೇಡ, ಮಂಡಿಗೆ ಉಣ್ಣೆ ಸುತ್ತಿಕೋ. ಈ ಭೂಮಿಯ ಮೇಲೆ ನನಗೆ ಒಡಹುಟ್ಟು ಎಂದು ಉಳಿದವಳು ನೀನೊಬ್ಬಳೇ. ನನ್ನ ಆಯುಷ್ಯದಲ್ಲಿ ಸ್ವಲ್ಪ ನಿನಗೆ ಹೋಗಲಿ.

ನಿನ್ನ ತಮ್ಮ,
ತೆತ್ಸುಜಿ

ಮರೆತದ್ದಲ್ಲ, ಬರೆಯಲಾಗದೆ ಕೆಳಗೆ ಬರೆಯುತ್ತಿರುವುದು:

ಚಿನಾತ್ಸು ಹೋದ ಮೇಲೆ ಅಮ್ಮ ನನ್ನನ್ನು ಹತ್ತಿರ ಕರೆದಳು. "ತೆತ್ಸು, ಹದ್ದಲ್ಲ ಅಂದ್ರೆ ಫುಕಿ ಏನು ಮಾಡಿದ್ಲು ನನ್ನ ಮಗೂನ?" ಎಂದಳು. ನಾನು ಅರವತ್ತು ವರ್ಷದವನು ಅಕ್ಕ. ತಲೆ ತಗ್ಗಿಸಿ, "ನಂಗೊತ್ತಿಲ್ಲಮ್ಮ" ಎಂದೆ. ನೀನೇ ಏನೋ ಮಾಡಿದೆ ಎಂದು ನಂಬಿಯೇ ಅಮ್ಮ ಸತ್ತಳು.

ಆ ದಿನ ಸೊಪ್ಪಿಗೆ ನೀನು ಹೋಗುವಾಗ ಮಗುವನ್ನು ನನ್ನ ಕೈಗೆ ಕೊಟ್ಟು ಹೋಗಿದ್ದೆ. "ಇಲ್ಲೇ ಕೂತಿರು, ಅಲ್ಲಾಡಬೇಡ" ಅಂದಿದ್ದೆ. ಅದನ್ನು ನೀನು ಈವರೆಗೂ ಯಾರಿಗೂ ಹೇಳಿಲ್ಲ. ನಾನು ಸುಮಿಯನ್ನು ಬೆನ್ನಿಗೆ ಹೊತ್ತು ಕೆಳಗೆ ಹೊಳೆಗೆ ಹೋದೆ. ಹಿಮ ಕರಗಿ ನೀರು ತುಂಬಿ ಹರಿಯುತ್ತಿತ್ತು. ಅವಳನ್ನು ಚಪ್ಪಟೆ ಕಲ್ಲಿನ ಮೇಲೆ ಕೂರಿಸಿ, ಒಂದು ಮೀನಿನ ಹಿಂದೆ ಹತ್ತು ಹೆಜ್ಜೆ ಹೋಗಿರಬಹುದು. ತಿರುಗಿ ನೋಡಿದರೆ ಕಲ್ಲು ಮಾತ್ರ ಇತ್ತು. ಅವಳು ಅಳಲೂ ಇಲ್ಲ. ಮೇಲಕ್ಕೆ ಓಡಿ ಬಂದು ಹುಲ್ಲಿನಲ್ಲಿ ಕೂತೆ. ಅಮ್ಮ ಬಂದು "ಮಗು ಎಲ್ಲೋ?" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ನಾನು ಆಕಾಶಕ್ಕೆ ಬೆರಳು ತೋರಿಸಿದೆ. ಅಲ್ಲಿ ಹದ್ದು ಸುತ್ತುತ್ತಿತ್ತು. ಉಳಿದದ್ದನ್ನು ಊರವರೇ ಹೇಳಿದರು. ಎಲ್ಲರೂ ಬಂಡೆಯ ಕಡೆ ಓಡಿದರು. ಆರು ದಿನ ಹೊಳೆಯ ಕಡೆ ಒಬ್ಬರೂ ಹೋಗಲಿಲ್ಲ. ನಾನು ಹೇಳಿದ್ದರೆ ಅಮ್ಮನಿಗೆ ಮಣ್ಣು ಮಾಡಲು ಒಂದು ಮೈಯಾದರೂ ಸಿಗುತ್ತಿತ್ತೋ ಏನೋ.

ನೊಬುಗೆ ನಿನ್ನೆ ಹೇಳಿದೆ. "ನಂಗೆ ಹೇಳಿ ಏನು ಬಂತು? ಅಕ್ಕಂಗೆ ಬರೀರಿ" ಎಂದು ಎದ್ದುಹೋದಳು. ಬರುವ ಭಾನುವಾರ ಊರವರನ್ನು ಮನೆಗೆ ಕರೆದಿದ್ದೇನೆ. ಎಲ್ಲರ ಮುಂದೆ ಹೇಳುತ್ತೇನೆ. ನೀನು ಬರಬೇಕೆಂದು ಕೇಳುವ ಮುಖ ನನಗಿಲ್ಲ.

ನೀನು ಸಂಜೆಯ ಸಾರಿಗೆ ಸೊಪ್ಪು ಕೊಯ್ಯಲು ಹೋಗಿದ್ದೆ, ಅಕ್ಕ. ಅಷ್ಟೇ ನೀನು ಮಾಡಿದ್ದು.